ಎಮ್ಮೆ ಸತ್ತರೆ ಯಾರಿಗೆ ಹೇಳಬೇಕು?

ಕಳೆದ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ, ನಮ್ಮ ಗೇಟಿನ ಮುಂದೆ ಒಂದು ಎಮ್ಮೆ ಸತ್ತು ಬಿದ್ದಿತ್ತು.

ಪಕ್ಕದಲ್ಲಿ ಹಾಲಿನ ವೆಂಕಟಮ್ಮ ಕೂತು ಅಳ್ತಿದ್ದಳು. ಮೇಯಲು ಹೊರಟ ಎಮ್ಮೆ ಇಲ್ಲೇ ಕುಸಿದಿತ್ತಂತೆ. ರಾಮಮೂರ್ತಿ ನಗರದ ನಮ್ಮ ಕ್ರಾಸಿನ ಅಗಲ ನಿಮಗೆ ಗೊತ್ತಲ್ಲ? ಸ್ಕೂಲ್ ವ್ಯಾನ್ ಆಚೆಯೇ ನಿಂತಿತು.

ನಾನು ಓದಿದವಳು. ಫೋನ್ ಎತ್ತಿದೆ. ಆದರೆ ಯಾರಿಗೆ ಮಾಡೋದು? ನಮ್ಮ ನಗರಸಭೆ ಮಹಾನಗರದಲ್ಲಿ ಸೇರಿಹೋಗಿ ತಿಂಗಳುಗಳಾಗಿವೆ, ಹೊಸ ಮೆಂಬರ್ ಇನ್ನೂ ಇಲ್ಲ. ಒಬ್ಬರು ಆರೋಗ್ಯ ವಿಭಾಗ ಅಂದರು. ಇನ್ನೊಬ್ಬರು ಇಂಜಿನಿಯರಿಂಗ್ ಅಂದರು. (ಎಮ್ಮೆಗೆ ಇಂಜಿನಿಯರ್?) ಹತ್ತು ಗಂಟೆಗೆ ನೊಣ ಮುತ್ತಿತು.

"ಜಯಮ್ಮಕ್ಕನ್ನ ಕರೀರಿ," ಅಂದಳು ವೆಂಕಟಮ್ಮ.

ಜಯಮ್ಮ ನಗರಸಭೆಯ ಮಾಜಿ ಮೆಂಬರ್. ಅವರ ರಾಗಿ ಹೊಲದ ಮೇಲೇ ನಮ್ಮ ಬಾಡಿಗೆ ಮನೆಗಳಿರೋದು. ಸುತ್ತಲ ಹಳ್ಳಿಗಳನ್ನು ಸೇರಿಸಿ ನಗರಸಭೆ ಮಾಡಿದಾಗಿನಿಂದ ಗೆದ್ದು ಬಂದವರು. ನಲ್ಲಿ, ಬೀದಿದೀಪ, ಚರಂಡಿ, ಖಾತೆ, ಜನನ-ಮರಣ ಪತ್ರ... ಎಲ್ಲಕ್ಕೂ ಅವರ ಜಗಲಿಯೇ ಕೌಂಟರ್.

"ಅಮ್ಮಾ, ನೀವೀಗ ಮೆಂಬರ್ ಅಲ್ಲ, ಆದ್ರೂ..." ಫೋನಿನಲ್ಲಿ ತಡವರಿಸಿದೆ.

"ಅದು ಎಮ್ಮೆಗೆ ಗೊತ್ತಾ?"

ಬಂದವರೇ ಮೊದಲು ವೆಂಕಟಮ್ಮನ ಪಕ್ಕ ಕೂತರು. "ಎಷ್ಟನೇ ಸೂಲು ಕಣೇ?" "ನಾಲ್ಕನೇದು ಅಕ್ಕ." ಜಯಮ್ಮ ಅವಳ ಬೆನ್ನು ಸವರಿದರು. ಆಮೇಲೆ ಎದ್ದು, ಮರಳು ಇಳಿಸುತ್ತಿದ್ದ ಟ್ರ್ಯಾಕ್ಟರ್‌ನವನನ್ನು ಕೂಗಿದರು. ಹಗ್ಗ ತರಿಸಿದರು.

"ನೀವೂ ಹಿಡೀರಿ ಮೇಡಂ. ಫೋನ್ ಒಳಗಿಡಿ."

ದೊಮ್ಮಲೂರಿನ ಆಫೀಸಿಗೆ ಹೊರಟಿದ್ದ ಸೀರೆಯಲ್ಲೇ ಎಳೆದೆ. ಅಕ್ಕಪಕ್ಕದವರೂ ಕೈ ಹಾಕಿದರು, ಎಮ್ಮೆ ಟ್ರ್ಯಾಕ್ಟರ್ ಏರಿತು. (ಮೂರು ವರ್ಷದಿಂದ ಎದುರು ಮನೆಯಲ್ಲಿರುವವರ ಹೆಸರು ಅವತ್ತೇ ಗೊತ್ತಾಗಿದ್ದು!) ಜಯಮ್ಮನ ಉಳಿದಿರೋ ತುಂಡು ಜಮೀನಿನಲ್ಲಿ ಗುಂಡಿ ತೋಡಿದರು.

"ಇನ್ನೂ ಆಳ ಹೋಗ್ಲಿ. ಸುಣ್ಣ ಹಾಕ್ರಿ. ನಮ್ಮ ನಗರಸಭೆ ಇದ್ದಾಗ್ಲೂ ಹಿಂಗೇ ಮಾಡಿಸ್ತಿದ್ದೆ."

ವೆಂಕಟಮ್ಮ ಕುಂಕುಮ ಇಟ್ಟಳು. ಮಣ್ಣು ಬಿತ್ತು.

"ನಗರಸಭೆ ಮುಚ್ಚಿದಾಗ ಬೇಜಾರಾಗ್ಲಿಲ್ವಾ?" ಕೈ ತೊಳೆಯುವಾಗ ಕೇಳಿದೆ.

"ಆಯ್ತು, ಸುಳ್ಳ್ಯಾಕೆ ಹೇಳ್ಲಿ? ಕುರ್ಚಿಗಲ್ಲಮ್ಮ. ಬೆಳಿಗ್ಗೆ ಎದ್ರೆ ಜಗಲಿ ಮೇಲೆ ಜನ ಇರ್ತಿದ್ರು. ಈಗ ಬರೋಕೇ ಸಂಕೋಚ ಪಡ್ತಾರೆ."

ಆ ನಗರಸಭೆಯೇನು ಸ್ವರ್ಗವಾಗಿರಲಿಲ್ಲ. ಚರಂಡಿ ಉಕ್ಕಿದಾಗ ಇದೇ ಅಂಕಣದಲ್ಲಿ ಬೈದವಳು ನಾನೇ. ಆದರೆ ಯಾರನ್ನು ಬೈಯಬೇಕು ಅಂತ ಗೊತ್ತಿತ್ತು. ಊರು ದೊಡ್ಡದಾಗಲಿ, ಬೇಡ ಅಂದವರ್ಯಾರು? ಇವತ್ತಲ್ಲ ನಾಳೆ ಮಹಾನಗರದ ಚುನಾವಣೆ ಬರುತ್ತದೆ, ನಿಂತವರು ನಮ್ಮ ಮನೆ ಹುಡುಕಿಕೊಂಡು ಬಂದೇ ಬರುತ್ತಾರೆ.

ಗೆದ್ದವರ ಮನೆ ಯಾವುದು ಅಂತ ನಮಗೂ ಗೊತ್ತಿರಬೇಡವೇ?