ರೇಖಾಳ ಪಕ್ಕ ಮಲಗಿಸಿದ ರಜೆ

ಇವತ್ತು ಬನಶಂಕರಿ ಮಾರ್ಕೆಟ್ಟಿನಲ್ಲಿ ಬೇವಿನ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ಆ ಬೇಸಿಗೆ ರಜೆ ನೆನಪಾಯಿತು.

ನನಗಾಗ ಎಂಟು ವರ್ಷ. "ರೇಖಾ ನಿನ್ನನ್ನೇ ಕೇಳ್ತಿದ್ದಾಳೆ ಕಣೇ" ಎಂದು ಅಮ್ಮ ನನ್ನನ್ನು ಪದ್ಮನಾಭನಗರದ ಚಿಕ್ಕಮ್ಮನ ಮನೆಗೆ ಕರೆದೊಯ್ದಳು. ಚಿಕ್ಕಮ್ಮನ ಮಗಳು ರೇಖಾ ಹಾಸಿಗೆ ಹಿಡಿದಿದ್ದಳು, ಮೈತುಂಬ ಗುಳ್ಳೆ. "ಸೊಳ್ಳೆ ಕಚ್ಚಿದೆ ಅಷ್ಟೇ" ಎಂದಳು ಅಮ್ಮ. ನಂಬಿದೆ. ರೇಖಾಳ ಲೋಟದಲ್ಲೇ ಪಾನಕ ಕುಡಿದೆ, ಅವಳ ಹೊದಿಕೆಯೊಳಗೇ ಮಲಗಿದೆ.

ಎರಡು ವಾರಕ್ಕೆ ನನಗೂ ಜ್ವರ ಬಂದು ಗುಳ್ಳೆಗಳೆದ್ದವು. ಬೇವಿನ ಸೊಪ್ಪಿನ ಮೇಲೆ ಮಲಗಿ, ತುರಿಕೆ ತಡೆಯಲಾಗದೆ ಹಲ್ಲು ಕಚ್ಚಿಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ನಗುತ್ತಾ ಹೇಳುತ್ತಿದ್ದಳು: "ನಾವು ಅಂದ್ಕೊಂಡಂಗೇ ಆಯ್ತು. ಚಿಕನ್‌ಪಾಕ್ಸ್ ಒಂದ್ಸಲ ಬಂದ್ಹೋದ್ರೆ ಮೈ ನೆನಪಿಟ್ಕೊಳ್ಳುತ್ತೆ, ಮತ್ತೆ ಬರಲ್ಲ. ರಜೆಲೇ ಮುಗೀತು, ಸ್ಕೂಲೂ ತಪ್ಪಲ್ಲ."

ನಾನು ಗೋಡೆಯ ಕಡೆ ತಿರುಗಿಕೊಂಡೆ. ಅವಳು ಗಂಜಿ ತಂದಾಗ ಬಾಯಿ ತೆರೆಯಲಿಲ್ಲ.

ಹೋದ ವಾರ ಸೊಂಟದ ಒಂದು ಬದಿಗೆ ಉರಿಯುವ ಗುಳ್ಳೆಗಳು ಸಾಲಾಗಿ ಎದ್ದವು. ಸರ್ಪಸುತ್ತು ಎಂದರು ಜಯನಗರದ ಡಾಕ್ಟರ್. "ಚಿಕ್ಕಂದಿನಲ್ಲಿ ಬಂದಿದ್ದ ಅದೇ ವೈರಸ್ ಮೇಡಂ. ನರದೊಳಗೆ ಅಡಗಿತ್ತು. ನಿಮ್ಮ ಇಮ್ಯುನಿಟಿ ಇಷ್ಟು ವರ್ಷ ಅದನ್ನ ಅದುಮಿಟ್ಟಿತ್ತು, ಈಗ ಸ್ವಲ್ಪ ಕುಗ್ಗಿದೆ."

ಮಾರ್ಕೆಟ್ಟಿನಿಂದ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. "ಅವತ್ತು ನಿಜ ಹೇಳಿ ಕರ್ಕೊಂಡು ಹೋಗ್ಬಹುದಿತ್ತಲ್ಲಮ್ಮ?"

ಅವಳು ಮೆಲ್ಲಗೆ ಅಂದಳು: "ಹೇಳಿದ್ರೆ ನೀನು ಬರ್ತಿದ್ಯಾ?"