ಎರಡನೇ ಅಂತಸ್ತಿನ ತೂತು

ರಸಮಟ್ಟಕ್ಕನಿಗೆ ಸೊಟ್ಟ ಕಂಡರೆ ಹೊಟ್ಟೆ ತೊಳಸುತ್ತದೆ. ಇದು ಮಾತಿಗೆ ಹೇಳುವುದಲ್ಲ. ಒಮ್ಮೆ ಬೀಗರ ಮನೆಯ ಬಚ್ಚಲಲ್ಲಿ ಟೈಲ್ಸಿನ ಸಂದು ಒಂದು ಕಡೆ ಎರಡು ನೂಲು, ಇನ್ನೊಂದು ಕಡೆ ಮೂರು ನೂಲು ಇದ್ದುದನ್ನು ಕಂಡು, ತಟ್ಟೆಯ ಮುಂದೆ ಕೂತವಳು ಒಂದು ತುತ್ತೂ ಇಳಿಯದೆ ಎದ್ದು ಬಂದಿದ್ದಳು. ಮೂವತ್ತೊಂದು ವರ್ಷ ಮಂಡಿಯೂರಿ ಕಂಡವರ ಮನೆಗಳಿಗೆ ನೆಲ ಹಾಸಿದ ಹೆಂಗಸು. ಮಟ್ಟ ನೋಡುವ ಗುಳ್ಳೆಕೋಲು, ಅಂದರೆ ರಸಮಟ್ಟ, ಸದಾ ಕಂಕುಳಲ್ಲಿ ಇರುತ್ತಿದ್ದುದರಿಂದ ಆ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಗಂಡನಿಗೂ ಮರೆತಿದೆ.

ಮಂಡಿ ಸವೆಯಿತು, ಇನ್ನು ಮನೆಯಲ್ಲಿ ಕೂರು ಎಂದರೆ ಕೂರುವ ಜಾಯಮಾನವೇ ಅವಳದು? ತಂಗಿಯ ಮಗ ಟೈರ್ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಸಣ್ಣ ಕಚೇರಿ ಇಟ್ಟಿದ್ದ. ಅಲ್ಲಿ ಹೋಗಿ ಕೂತಳು. ಮಾಡಿದಳು, ಕೆಡಿಸಿದಳು, ಮತ್ತೆ ಮಾಡಿದಳು. ಯಾರ ಹಂಗೂ ಇಲ್ಲದೆ ಆಟದೊಳಗಿನ ಕಟ್ಟಡ ಕಟ್ಟುವ ವಿದ್ಯೆಯನ್ನು ಕೈವಶ ಮಾಡಿಕೊಂಡಳು.

ಆ ಕಸುಬಿನಲ್ಲಿ ಬ್ರಶ್ ಎಂದರೆ ಬಣ್ಣ ಬಳಿಯುವುದಲ್ಲ, ಮೂಲೆಗಳುಳ್ಳ ಗಟ್ಟಿ ದಿಮ್ಮಿ. ಒಂದು ದಿಮ್ಮಿ ಇಟ್ಟರೆ ಗೋಡೆ. ಇನ್ನೊಂದರಿಂದ ಅದನ್ನು ಕೊರೆದರೆ ಬಾಗಿಲು. ಪ್ರತಿ ಮೂಲೆಯೂ ಪರದೆಯ ಮೇಲಿನ ಚೌಕಳಿ ಗೆರೆಯ ಮೇಲೇ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಯಂತ್ರದ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಕಂಡ ನೆಲ ಕಾಲಿಗೆ ಸಿಗುವುದಿಲ್ಲ.

ಎಂಟು ತಿಂಗಳು ಕೂತು ಅವಳು ಮೂರಂತಸ್ತಿನ ಗಡಿಯಾರದ ಕಾರ್ಖಾನೆ ಕಟ್ಟಿದ್ದಳು. ನಡುವೆ ಇಪ್ಪತ್ತನಾಲ್ಕು ಮುಖದ ದುಂಡು ಕಂಬ, ಅದನ್ನು ಸುತ್ತಿಕೊಂಡು ಮೇಲೇರುವ ಮೆಟ್ಟಿಲು. ಆಮೇಲೆ ಮಂಡಿಯ ಆಪರೇಷನ್ನಿಗೆಂದು ಒಂದು ತಿಂಗಳು ರಜೆ ಹಾಕಿದಳು. ಕೋಲೂರಿಕೊಂಡು ವಾಪಸು ಬಂದು ಆಟ ಹಚ್ಚಿ ನೋಡಿದರೆ, ಆಟದ ಗೊಂಬೆ ಮೆಟ್ಟಿಲೇರಿ ಎರಡನೇ ಅಂತಸ್ತಿನಲ್ಲಿ ಕಾಲಿಟ್ಟದ್ದೇ ತಡ, ನೆಲದೊಳಗೆ ತೂರಿ ತಳವಿಲ್ಲದ ಕತ್ತಲೆಗೆ ಬಿತ್ತು.

ಅವಳು ದಿಮ್ಮಿಗಳ ಅಳತೆ ತೆಗೆದು ನೋಡಿದಳು. ನೂರಿಪ್ಪತ್ತೆಂಟು ಇರಬೇಕಾದಲ್ಲಿ ನೂರಮೂವತ್ತೊಂದು ಪಾಯಿಂಟ್ ಎಂಟು ನಾಲ್ಕು. ಎಲ್ಲ ಕಡೆ ಇದೇ ಕಥೆ. ಪಾಯಿಂಟಿನಾಚೆಯ ಆ ಅಂಕಿಗಳು ತುತ್ತಿನಲ್ಲಿ ಸಿಕ್ಕ ಕೂದಲಿನಂತೆ ಕಂಡವು.

"ಯಾರೋ ಇದನ್ನ ಮುಟ್ಟಿದ್ದು?"

ಗೋಡೆಗಳಿಗೆ ಬಣ್ಣ, ಕಲೆ, ತುಕ್ಕು ಅಂಟಿಸುವ ಬಣ್ಣದವನು ಮೂಲೆಯ ಕುರ್ಚಿಯಿಂದ ಕೈ ಎತ್ತಿದ. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವನು. ಅಚ್ಚುಹಾಕುವ ಯಂತ್ರ ಬಂದು ಆ ಕೆಲಸ ನುಂಗಿದ ಮೇಲೆ ನಲವತ್ತೈದನೇ ವಯಸ್ಸಿನಲ್ಲಿ ಈ ಕುರ್ಚಿ ಸಿಕ್ಕಿತ್ತು. ಇದೂ ಹೋದರೆ ಅವನಿಗೆ ಬೇರೆ ದಿಕ್ಕಿರಲಿಲ್ಲ.

"ಕಪಾಟು ಬಾಗಿಲಲ್ಲಿ ತೂರಲಿಲ್ಲಕ್ಕಾ. ಅದಕ್ಕೆ ಇಡೀ ಕಟ್ಟಡಾನೇ ನೂರಕ್ಕೆ ಮೂರರಷ್ಟು ಹಿಗ್ಗಿಸಿದೆ."

"ಟೋಪಿ ಬಿಗಿ ಆಯ್ತು ಅಂತ ತಲೆ ಕೆತ್ತಿಸಿಕೊಳ್ತೀಯೇನೋ? ಥೂ! ಎಂಜಲು ಕೈಯಲ್ಲಿ ಹಾಲಿನ ಪಾತ್ರೆ ಕಲಕಿದ ಹಾಗೆ ಮಾಡಿಟ್ಟಿದೀಯಲ್ಲ!"

"ನೋಡೋಕೆ ಚೆನ್ನಾಗೇ ಇದೆಯಲ್ಲಕ್ಕಾ."

"ಮೇಲೆ ಥಳಕು, ಒಳಗೆ ಹುಳುಕು!"

ತಂಗಿಯ ಮಗ ನಡುವೆ ಬಾಯಿ ಹಾಕಿದ. "ದೊಡ್ಡಮ್ಮ, ಆ ಜಾಗಕ್ಕೊಂದು ಕಂಬಳಿ ಹಾಸಿ, ಅಡಿಯಲ್ಲಿ ಕಾಣದ ಹಲಗೆ ಇಟ್ರೆ ಆಗಲ್ವಾ?"

"ಹುಣ್ಣಿನ ಮೇಲೆ ಪೌಡರ್ ಬಳಿ ಅಂತೀಯಾ? ಕೇಳು ಮಗಾ, ಇಲ್ಲಿ ಇವನಿರಬೇಕು, ಇಲ್ಲಾ ನಾನಿರಬೇಕು."

ತಂಗಿಯ ಮಗ ತಲೆ ಕೆರೆದುಕೊಂಡ. "ಶನಿವಾರ ಮಧ್ಯಾಹ್ನದ ತನಕ ತಡಿ. ತೂತು ಇವನಿಂದಲೇ ಆಗಿದ್ದು ಅಂತ ತೋರಿಸು, ನಾನೇ ಕಳಿಸಿಬಿಡ್ತೀನಿ."

ಬಣ್ಣದವನ ಮುಖ ಸುಣ್ಣವಾಯಿತು.

ಕಟ್ಟಡವನ್ನು ಮೊದಲಿನಷ್ಟಕ್ಕೆ ಕುಗ್ಗಿಸುವ ಹಾಗಿರಲಿಲ್ಲ. ಹಿಗ್ಗಿಸಿದ ಮೇಲೆ ಮೂರು ವಾರದ ಬಣ್ಣ, ಸಾಮಾನು ಎಲ್ಲ ಅದರ ಮೇಲೇ ಕೂತಿತ್ತು. ಎಲ್ಲ ಮೂಲೆಗಳನ್ನೂ ಒಂದೇ ಏಟಿಗೆ ಗೆರೆಗೆ ಎಳೆದರೆ ಒಂದು ಮೇಲೆ, ಒಂದು ಕೆಳಗೆ ಹೋಗಿ ನೆಲ ಹಪ್ಪಳದಂತೆ ಸೆಟೆದುಕೊಳ್ಳುತ್ತಿತ್ತು. ಹಾಗಾಗಿ ನಾಲ್ಕು ದಿನ ಒಂದೊಂದೇ ಮೂಲೆ ಹಿಡಿದು ಹತ್ತಿರದ ಗೆರೆಗೆ ತಂದು ಕೂರಿಸಿದಳು. ಒಂದೊಂದಕ್ಕೂ ಒಂದು "ಛೀ". ಮನೆಗೆ ಹೋದರೆ ಊಟ ಸೇರದು. "ಏನೇ, ಬಸುರಿ ಥರ ಮುಖ ಕಿವುಚ್ತೀಯಲ್ಲ?" ಎಂದ ಗಂಡನ ಕಡೆಗೆ ಸೌಟು ಬೀಸಿದಳು.

ಶುಕ್ರವಾರ ಸಂಜೆಗೆ ದುಂಡು ಕಂಬದವು ಬಿಟ್ಟು ಉಳಿದ ಎಲ್ಲ ಮೂಲೆಯೂ ನೆಟ್ಟಗಾಯಿತು. ಗೋಡೆಗಳ ಸಂದು ಮುಚ್ಚಿದವು. ಎರಡನೇ ಅಂತಸ್ತಿನ ತೂತು ಮಾತ್ರ ಹಾಗೇ ಬಾಯಿ ತೆರೆದುಕೊಂಡಿತ್ತು.

ಶನಿವಾರ ಬೆಳಿಗ್ಗೆ ಕಟ್ಟಡದ ಒಂದು ನಕಲು ಮಾಡಿಕೊಂಡಳು. ಕಳ್ಳ ದಿಮ್ಮಿ ಹಿಡಿಯುವ ಹಾದಿ ಒಂದೇ: ಅರ್ಧ ಕಟ್ಟಡ ಅಳಿಸು, ಯಂತ್ರದಿಂದ ಮತ್ತೆ ಕಟ್ಟಿಸು, ತೂತು ಇದೆಯೇ ನೋಡು. ಇದ್ದರೆ ಕಳ್ಳ ಉಳಿದರ್ಧದಲ್ಲಿದ್ದಾನೆ. ಅದರಲ್ಲೂ ಅರ್ಧ ಅಳಿಸು. ಮೇಲಂತಸ್ತು ಹೋಯಿತು, ತೂತು ಇದೆ. ಪೂರ್ವದ ಕೋಣೆಗಳು ಹೋದವು, ಇದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಬೆನ್ನ ಹಿಂದೆ ಗೊಣಗು ಕೇಳಿಸಿತು.

"ಏನಂದೆ?"

"ಏನಿಲ್ಲಕ್ಕಾ, ಗಾದೆ ನೆನಪಾಯ್ತು." ಬಣ್ಣದವನು ಟೀ ತರುವ ನೆಪ ಮಾಡಿ ಕೆಳಗಿಳಿದ.

ಬಾಗಿಲು ಹೋಯಿತು, ಕಪಾಟು ಹೋಯಿತು, ಮೆಟ್ಟಿಲೂ ಹೋಯಿತು. ಕೊನೆಗೆ ಉಳಿದದ್ದು ಎರಡು: ಎರಡನೇ ಅಂತಸ್ತಿನ ನೆಲ, ಅದನ್ನು ಸೀಳಿ ನಿಂತ ದುಂಡು ಕಂಬ. ತೂತು ಇದೆ.

ಬಚ್ಚಿಟ್ಟ ದಿಮ್ಮಿಗಳನ್ನೆಲ್ಲ ತೋರಿಸುವ ಗುಂಡಿಯೊಂದುಂಟು. ಅದನ್ನು ಒತ್ತಿದಳು. ಕಂಬದ ಪಕ್ಕದಲ್ಲಿ, ನೆಲಕ್ಕೂ ತಾಗದೆ ಕಂಬಕ್ಕೂ ತಾಗದೆ, ಕತ್ತರಿಸಿ ಎಸೆದ ಉಗುರಿನಂಥ ಒಂದು ತೆಳು ಹಲಗೆ ತೇಲುತ್ತಿತ್ತು.

ಅವಳಿಗೆ ನೆನಪಾಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ. ಮಂಡಿ ಕಿತ್ತು ತಿನ್ನುತ್ತಿತ್ತು. ಇಪ್ಪತ್ತನಾಲ್ಕು ಮುಖದ ಕಂಬದ ಮೂಲೆಗಳು ಯಾವ ಗೆರೆಗೂ ಒಗ್ಗದೆ ನೆಲವನ್ನು ಚೂರುಚೂರು ಮಾಡಿ ಅಲ್ಲೇ ಒಂದು ತೂತು ಬಿಟ್ಟಿದ್ದವು. ಬಂದಮೇಲೆ ನೋಡಿದರಾಯಿತು ಎಂದು ಹಲಗೆಯೊಂದನ್ನು ತೂತಿನ ಅಡಿಗೆ ತುರುಕಿ, ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು ಹೋಗಿದ್ದಳು. ಬಚ್ಚಿಟ್ಟದ್ದರಿಂದಲೇ ಬಣ್ಣದವನು ಹಿಗ್ಗಿಸುವಾಗ ಅದೊಂದು ಹಿಗ್ಗದೆ ಹಿಂದೆ ಉಳಿದಿತ್ತು.

ತನ್ನ ಕೈ ಕೆಲಸ. ಇಷ್ಟು ದಿನ ಬೇರೆಯವನ ಮೇಲೆ ಕಾರಿದ್ದು ಈಗ ಗಂಟಲಲ್ಲಿ ಹಿಂದಕ್ಕೆ ಬಂದಂತಾಯಿತು.

ಹಲಗೆ ಅಳಿಸಲು ಒಂದು ಗುಂಡಿ ಸಾಕು. ಕೋಣೆಯಲ್ಲಿ ಯಾರೂ ಇರಲಿಲ್ಲ. ಅಳಿಸಿಬಿಟ್ಟರೆ ತೂತು ಬಣ್ಣದವನದಾಗುತ್ತದೆ. ಬೆರಳು ಗುಂಡಿಯ ಮೇಲೆ ಕೂತೇ ಇತ್ತು. ಅಷ್ಟರಲ್ಲಿ ತಂಗಿಯ ಮಗ ಮೆಟ್ಟಿಲೇರಿ ಬಂದ.

"ಸಿಕ್ತಾ ದೊಡ್ಡಮ್ಮ? ಅವನದೇನಾ?"

ಅವಳು ಬೆರಳು ತೆಗೆದಳು. "ಹಿಗ್ಗಿಸಿದ್ದು ಅವನೇ. ಅದು ಹೊಲಸು ಕೆಲಸವೇ. ಆದ್ರೆ ತೂತು ನಂದು."

ಅವನು ಬಗ್ಗಿ ಪರದೆ ನೋಡಿದ. ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಅಳಿಸಿಬಿಡು ಮತ್ತೆ. ಯಾರಿಗೆ ಗೊತ್ತಾಗುತ್ತೆ?"

"ಛೀ, ಆ ಮಾತಾಡಬೇಡ! ನಿನ್ನ ಬಾಯಲ್ಲಿ ಅದನ್ನ ಕೇಳಿ ಇನ್ನೂ ಹೇಸಿಗೆ ಆಯ್ತು. ಒಂದು ಕ್ಷಣದ ಹಿಂದೆ ನಾನೂ ಅದನ್ನೇ ಅಂದ್ಕೊಂಡಿದ್ದೆ."

ಬಣ್ಣದವನು ಮೂರು ಲೋಟ ಹಿಡಿದು ಒಳಗೆ ಬಂದ. ಅವಳು ಕುರ್ಚಿ ಸರಿಸಿ ಜಾಗ ಬಿಟ್ಟಳು.

"ಬಾ ಇಲ್ಲಿ. ನೋಡು."

ಅವನು ತೇಲುವ ಹಲಗೆಯತ್ತ ಬೆರಳು ತೋರಿಸಿದ. "ತೇಪೆ?"

"ಹೂಂ, ತೇಪೆ."

"ಯಾರು ಹಾಕಿದ್ದು?"

"ಇನ್ಯಾರು? ನಾನೇ."

ಅವನು ಲೋಟ ಕೆಳಗಿಟ್ಟ. ನಗಲೋ ಬೇಡವೋ ಎಂಬಂತೆ ತುಟಿ ಕಚ್ಚಿಕೊಂಡ. "ಹಾಗಾದ್ರೆ ಅಕ್ಕಾ, ಇಬ್ಬರೂ ಹೋಗೋದಾ, ಇಬ್ಬರೂ ಇರೋದಾ?"

"ಹಲ್ಲು ಕಿರಿಯಬೇಡ. ನಿನ್ನ ಪಾಪ ನಿಂಗೆ ಇದ್ದೇ ಇದೆ. ಕೂತ್ಕೋ. ನಕಲು ಮುಚ್ಚಿ ಅಸಲು ಕಟ್ಟಡ ತೆಗಿ. ಈ ಕಂಬ ಕಿತ್ತು ಹಾಕು."

"ಇಷ್ಟು ಚೆಂದದ ಕಂಬಾನಾ?"

"ಕೀಳು ಅಂದೆ."

ಅವನು ಕಿತ್ತ. ಅವಳು ಪಕ್ಕದಲ್ಲಿ ನಿಂತು ಹೇಳಿದಂತೆ, ಎಲ್ಲ ಮೂಲೆಗಳೂ ಗೆರೆಯ ಮೇಲೆ ಕೂರುವ ಎಂಟು ಮುಖದ ಕಂಬ ನಿಲ್ಲಿಸಿದ. ನೆಲ ಹೊಸದಾಗಿ ಕೊರೆದ. ಹಲಗೆಯನ್ನು ಮಾತ್ರ ಅವಳೇ, ಸತ್ತ ಜಿರಳೆ ಎತ್ತಿಹಾಕುವವಳಂತೆ ಮುಖ ತಿರುಗಿಸಿಕೊಂಡು ಅಳಿಸಿದಳು. ಗೊಂಬೆ ಮೆಟ್ಟಿಲೇರಿತು, ಎರಡನೇ ಅಂತಸ್ತಿನಲ್ಲಿ ಕಾಲಿಟ್ಟಿತು, ನಿಂತಿತು.

ತಂಗಿಯ ಮಗ ಚಪ್ಪಾಳೆ ತಟ್ಟಿದ. ಅವಳು ಆರಿದ ಟೀ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಸಕ್ಕರೆ ಕಮ್ಮಿಯಾಯ್ತಾ ಅಕ್ಕಾ?"

"ಟೀ ಸರಿಯಾಗೇ ಇದೆ. ಮೂರನೇ ಅಂತಸ್ತೂ ನಾನೇ ಕಟ್ಟಿದ್ದು. ತೆಗಿ ಅದನ್ನ. ಬಚ್ಚಿಟ್ಟಿದ್ದೆಲ್ಲ ತೋರಿಸೋ ಗುಂಡಿ ಒತ್ತು."