ಒಲೆಯ ಮಗಳು

ಹನೀನಾಳಿಗೆ ಮೂವರು ಅಣ್ಣಂದಿರು, ಮೂವರೂ ಬ್ರೆಜಿಲಿನಲ್ಲಿ. ಲೆಬನಾನ್ ಬೆಟ್ಟದ ಆ ಹಳ್ಳಿಯಲ್ಲಿ ಹೀಗೆ ಉಳಿದುಹೋದ ಹೆಣ್ಣು ಮನೆಗೊಬ್ಬಳು ಇದ್ದೇ ಇದ್ದಳು. ಊರು ಅವಳನ್ನು ಒಲೆಯ ಮಗಳು ಎಂದು ಹೊಗಳುತ್ತಿತ್ತು. ಹೊಗಳುವುದಕ್ಕೇನು, ಕಾಸು ಖರ್ಚಿಲ್ಲ.

ಇದಕ್ಕೆಲ್ಲ ಕಾರಣ ಒಂದು ಒಳ್ಳೆಯ ಕಾನೂನು. ಅಜ್ಜನ ಕಾಲದಲ್ಲಿ, ಬೆಟ್ಟವನ್ನೂ ಆಳುವ ಇಸ್ತಾಂಬುಲಿನ ಶಾಸನಸಭೆಯನ್ನು ಮುಚ್ಚಿಸಲು ಸುಲ್ತಾನ ಹೊರಟಿದ್ದ, ಸಭೆ ಜಗ್ಗಲಿಲ್ಲ. ಆ ಸಭೆಯೇ ಈ ಕಾನೂನು ಮಾಡಿದ್ದು. ಯಾವ ಮನೆಯ ಒಲೆಯಿಂದ ಹೊಗೆ ಏಳುತ್ತದೋ ಆ ಮನೆಯ ಜಮೀನನ್ನು ಯಾವ ಧಣಿಯೂ ಮುಟ್ಟುವಂತಿಲ್ಲ. ವರ್ಷವಿಡೀ ಒಲೆ ತಣ್ಣಗಿದ್ದರೆ ಮನೆ, ಜಮೀನು ಎರಡೂ ಊರಿಗೆ. ಅಜ್ಜಂದಿರು ಕುಣಿದಾಡಿದರು. ಸುಲ್ತಾನರು ಬದಲಾದರು, ಕಾನೂನು ಅಲುಗಲಿಲ್ಲ. ಜಮೀನು ಭದ್ರವಾದದ್ದೇ ತಡ, ಗಂಡಸರು ಧೈರ್ಯವಾಗಿ ಹಡಗು ಹತ್ತಿದರು. ಹೊಗೆ ಎಬ್ಬಿಸಲು ಒಬ್ಬಳು ತಂಗಿ ಸಾಕಲ್ಲ! ಮದುವೆಯಾದರೆ ಅವಳ ಹೊಗೆ ಗಂಡನ ಮನೆಯದಾಗುತ್ತದೆ, ಹಾಗಾಗಿ ಅವಳಿಗೆ ಮದುವೆ ಇಲ್ಲ.

ಹೇಸರಗತ್ತೆ ಹೊಡೆಯುವ ತನ್ನೂಸ್ ಹನೀನಾಳನ್ನು ಮದುವೆಗೆ ಕೇಳಿದ್ದ. ನಾನು ಬರುವ ತನಕ ತಡೆ ಎಂದು ದೊಡ್ಡಣ್ಣ ಶುಕ್ರಿ ಹೇಳಿ ಕಳಿಸಿದ. ತಡೆದಳು. ಅವನು ಬರಲಿಲ್ಲ. ಕಾದು ಬೇಸತ್ತ ತನ್ನೂಸ್ ತಾನೂ ಹಡಗು ಹತ್ತಿದ, ತನ್ನ ಒಲೆಯ ಮುಂದೆ ತಂಗಿ ಲಬೀಬಾಳನ್ನು ಕೂರಿಸಿ. ಅವನಿಗೆ ಏನೆಂದು ಬೈಯಬೇಕೋ ತಿಳಿಯದು.

ಹನೀನಾಳ ತಲೆ ನರೆತ ಮೇಲೆ ಕಾನೂನಿಗೆ ತಿದ್ದುಪಡಿ ಬಂತು. ತನ್ನದೇ ಹೊಗೆ ಎಬ್ಬಿಸಿಕೊಂಡು ಬಾಳಿದ ಹೆಣ್ಣು ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು, ಊರ ಪಟೇಲ ಸಾಕ್ಷಿ ಹೇಳಿದರೆ ಸಾಕು. ಎದ್ದು ಹೋಗು ಎಂದು ಯಾರೂ ಹೇಳಲಾಗದ ಒಂದು ಸೂರು, ಅವಳಿಗೆ ಬೇಕಿದ್ದದ್ದು ಅಷ್ಟೇ. ಒಗೆದ ಬಟ್ಟೆ ಉಟ್ಟು ಪಟೇಲ ಇಲ್ಯಾಸನ ಮನೆಗೆ ಹೋದಳು.

ಇಲ್ಯಾಸ ಕೆಟ್ಟವನಲ್ಲ. ಕಾಫಿ ಕೊಟ್ಟು, ಸಂಕಟದಿಂದಲೇ ಕೇಳಿದ:

"ಹನೀನಾ, ಮೊದಲ ರೊಟ್ಟೀನ ಯಾರ ಹೆಸರಲ್ಲಿ ಬಡೀತಿದ್ದೆ?"

ಹರವಿಯಂಥ ಮಣ್ಣಿನೊಲೆಯ ಒಳಗೋಡೆಗೆ ಮೊದಲ ರೊಟ್ಟಿ ಬಡಿಯುವಾಗ ದೂರ ಹೋದವನ ಹೆಸರು ಕೂಗಬೇಕು, ಇಲ್ಲದಿದ್ದರೆ ಅವನಿಗೆ ಅಲ್ಲಿ ಅನ್ನ ಹುಟ್ಟದು ಎಂಬುದು ಬೆಟ್ಟದ ರೂಢಿ. ಹನೀನಾ ಒಂದು ಬೆಳಗೂ ತಪ್ಪಿಸದೆ, ನೆರೆಹೊರೆಗೆಲ್ಲ ಕೇಳುವಂತೆ ಕೂಗಿದ್ದಳು.

"ಶುಕ್ರಿ ಹೆಸರಲ್ಲಿ."

"ಊರೆಲ್ಲಾ ಕೇಳಿದೆಯಲ್ಲಮ್ಮ. ಹೊಗೆ ಶುಕ್ರೀದು ಅಂತ ನೀನೇ ದಿನಾ ಸಾರಿದ ಹಾಗಾಯ್ತು. ಈಗ ನಾನು ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳ್ಲಾ? ಇರು ನಿನ್ ಪಾಡಿಗೆ, ಯಾರು ಓಡಿಸ್ತಾರೆ ನಿನ್ನ?"

ಮಾರನೆಯ ದಿನದಿಂದ ಅವಳ ಒಲೆ ಹೊತ್ತಲಿಲ್ಲ. ಹಿಟ್ಟು ಹೊತ್ತುಕೊಂಡು ಹೋಗಿ ಲಬೀಬಾಳ ಒಲೆಯಲ್ಲಿ ಸುಟ್ಟುಕೊಂಡು ತಿಂದಳು. ಅಣ್ಣನ ಅನ್ನಕ್ಕೆ ಕಲ್ಲು ಹಾಕಿದಳು ಎಂದು ಊರು ಮುಖ ತಿರುಗಿಸಿತು. ಚಳಿಗಾಲವೂ ಹಾಗೇ ಕಳೆಯಿತು. ವರ್ಷ ತುಂಬುತ್ತ ಬಂದಾಗ ಪಟೇಲನೇ ಏದುಸಿರು ಬಿಡುತ್ತ ಓಡಿಬಂದ. ಹೀಗೇ ಬಿಟ್ಟರೆ ಮನೆ ಊರ ಪಾಲಾಗುತ್ತದೆ, ನಿನ್ನ ತಲೆಯ ಮೇಲಿನ ಸೂರೂ ಹೋಗುತ್ತದೆ, ಒಂದು ಕಡ್ಡಿ ಗೀರಿದರೆ ಸಾಕು ಎಂದು ಬೇಡಿಕೊಂಡ.

ಹನೀನಾ ಬೆಂಕಿಪೊಟ್ಟಣವನ್ನು ಅವನ ಕೈಯಲ್ಲಿಟ್ಟಳು.

"ಶುಕ್ರಿಗೆ ಕಳಿಸಿ ಪಟೇಲ್ರೇ. ಅವನ ಹೊಗೆ, ಅವನೇ ಬಂದು ಹಚ್ಕೊಳ್ಲಿ."